ಮಿಡಿಗೆ ಸಿಕ್ಕ ಸ್ವರ, ಸಿಗದ ಗಮಕ

ಕನ್ನಡದಲ್ಲಿ ‘ಮಿಡಿ’ ಎಂದರೆ ತಂತಿಯನ್ನು ಬೆರಳಿನಿಂದ ಮೀಟುವುದು. ಎದೆಯ ಬಡಿತವೂ ಮಿಡಿತವೇ. ಬೇಸಿಗೆಯಲ್ಲಿ ಉಪ್ಪಿನಕಾಯಿ ಜಾಡಿ ಸೇರುವ ಎಳೆಯ ಮಾವೂ ಮಿಡಿಯೇ. ನಾಲ್ಕು ದಶಕಗಳಿಂದ ಸಂಗೀತಗಾರರ ನಡುವೆ ಇನ್ನೂ ಒಂದು ‘ಮಿಡಿ’ ಬಳಕೆಯಲ್ಲಿದೆ. ಅದು ಇಂಗ್ಲಿಷಿನ ‘ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್’ ಎಂಬ ಉದ್ದನೆಯ ಹೆಸರಿನ ಮೊದಲಕ್ಷರಗಳ ಕೂಟ. ಕೀಬೋರ್ಡು, ಕಂಪ್ಯೂಟರು, ತಾಳಯಂತ್ರಗಳು ಒಂದರೊಡನೊಂದು ಮಾತನಾಡಲು ಮಾಡಿಕೊಂಡ ಭಾಷೆ.

ಈ ಭಾಷೆಯಲ್ಲಿ ಬರೆದಿಟ್ಟ ಸಂಗೀತಕ್ಕೆ ಒಂದು ವಿಚಿತ್ರ ಗುಣವಿದೆ. ಅದಕ್ಕೆ ಆಜ್ಞೆ ಕೊಡಬಹುದು. ‘ಈ ಹಾಡಿನಲ್ಲಿರುವ ಮಧ್ಯಮಗಳನ್ನೆಲ್ಲ ಹುಡುಕು, ಒಂದೊಂದನ್ನೂ ಅರ್ಧ ಮೆಟ್ಟಿಲು ಮೇಲಕ್ಕೆತ್ತು’ ಎಂದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೆಲಸ ಮುಗಿದಿರುತ್ತದೆ. ನೂರು ಹಾಡಿದ್ದರೆ ನೂರರಲ್ಲೂ ಮುಗಿದಿರುತ್ತದೆ. ಹೀಗೆ ನಿಯಮ ಕೊಟ್ಟು ಹುಡುಕುವುದು, ಸಿಕ್ಕಿದ್ದನ್ನು ಒಟ್ಟಿಗೇ ತಿದ್ದುವುದು ಇಂದು ಸಂಗೀತ ತಂತ್ರಾಂಶಗಳ ದಿನನಿತ್ಯದ ಕೆಲಸ. ಸಂಗೀತದ ಪಾಠವನ್ನೇ ಉಸಿರಾಡಿಕೊಂಡು ಬಂದ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಂಥ ಬಡಾವಣೆಗಳಲ್ಲಿ ಈಗ ತಂಬೂರಿಯ ಪಕ್ಕದಲ್ಲಿ ಕಂಪ್ಯೂಟರೂ ಕುಳಿತಿದೆ. ನಿಯಮಕ್ಕೆ ಸಂಗೀತದ ಎಷ್ಟು ಪಾಲು ಸಿಗುತ್ತದೆ, ಎಷ್ಟು ಜಾರಿಹೋಗುತ್ತದೆ ಎಂಬ ಪ್ರಶ್ನೆ ಆದ್ದರಿಂದಲೇ ಬರೀ ಯಂತ್ರದ ಪ್ರಶ್ನೆಯಲ್ಲ.

ಧ್ವನಿಯಲ್ಲ, ಸೂಚನೆ

ಮಿಡಿಯ ಬಗ್ಗೆ ಮೊದಲು ತಿಳಿಯಬೇಕಾದ ಸಂಗತಿಯೆಂದರೆ ಅದರಲ್ಲಿ ಧ್ವನಿಯೇ ಇಲ್ಲ. ಕ್ಯಾಸೆಟ್ಟಿನಲ್ಲಿ ಹಾಡುಗಾರನ ಕಂಠವಿರುತ್ತದೆ. ಪಾಠದ ಪುಸ್ತಕದಲ್ಲಿ ‘ಸ ರಿ ಗ ಮ’ ಎಂಬ ಬರವಣಿಗೆಯಷ್ಟೇ ಇರುತ್ತದೆ. ಮಿಡಿ ಈ ಎರಡನೆಯ ಜಾತಿಗೆ ಸೇರಿದ್ದು. ಯಾವ ಮನೆ ಒತ್ತಲಾಯಿತು, ಎಷ್ಟು ರಭಸದಿಂದ ಒತ್ತಲಾಯಿತು, ಯಾವಾಗ ಬಿಡಲಾಯಿತು ಎಂಬುದನ್ನು ಅದು ಅಂಕಿಗಳಲ್ಲಿ ಬರೆದಿಡುತ್ತದೆ. ಆ ಬರಹವನ್ನು ಓದಿ ನಾದ ಹೊರಡಿಸುವ ಹೊಣೆ ಇನ್ನೊಂದು ವಾದ್ಯದ್ದು. ಹಾಗಾಗಿಯೇ ಅದೇ ಬರಹವನ್ನು ಪಿಯಾನೋದಲ್ಲೂ ಕೇಳಬಹುದು, ಕೊಳಲಿನ ನಾದದಲ್ಲೂ ಕೇಳಬಹುದು.

ಅಮೆರಿಕದ ಡೇವ್ ಸ್ಮಿತ್ ಮತ್ತು ಚೆಟ್ ವುಡ್ 1981ರಲ್ಲಿ ಇಂಥದೊಂದು ಸಾಮಾನ್ಯ ಭಾಷೆಯ ಪ್ರಸ್ತಾವ ಮುಂದಿಟ್ಟರು. ಜಪಾನಿನ ರೋಲಂಡ್ ಕಂಪನಿಯ ಇಕುಟಾರೋ ಕಾಕೆಹಾಶಿ ಅದಕ್ಕೆ ಬೆನ್ನೆಲುಬಾದರು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯ ಮೇಳವೊಂದರಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳನ್ನು ತಂತಿಯಿಂದ ಜೋಡಿಸಿ, ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯುವುದನ್ನು ತೋರಿಸಲಾಯಿತು. ಮಿಡಿ ಬರಹವನ್ನು ಕಡತವಾಗಿ ಇಡುವ ಏಕರೂಪದ ಪದ್ಧತಿ 1988ರಲ್ಲಿ ಬಂತು. ಸ್ಮಿತ್ ಮತ್ತು ಕಾಕೆಹಾಶಿ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಸಂದಿತು.

ಮಿಡಿಯ ಅಂಕಿಗಳು 0ಯಿಂದ 127ರವರೆಗೆ. ಪ್ರತಿಯೊಂದು ಸ್ವರಸ್ಥಾನಕ್ಕೂ ಒಂದು ಸಂಖ್ಯೆ. ಕೀಬೋರ್ಡಿನ ನಡುವಿನ ‘ಸಿ’ ಮನೆಗೆ 60. ಅದನ್ನೇ ಷಡ್ಜವೆಂದು ಹಿಡಿದರೆ ಮಾಯಾಮಾಳವಗೌಳದ ಆರೋಹಣ 60, 61, 64, 65, 67, 68, 71, 72 ಎಂದಾಗುತ್ತದೆ. ಒತ್ತಿದ ರಭಸಕ್ಕೂ 127ರವರೆಗಿನ ಅಂಕಿ. ಕಾಲವನ್ನು ಅಳೆಯಲು ಒಂದು ಅಕ್ಷರವನ್ನು ನೂರಾರು ಸಣ್ಣ ಚೂರುಗಳಾಗಿ ಹೆಚ್ಚುತ್ತಾರೆ. ಈ ಚೂರಿಗೆ ‘ಟಿಕ್’ ಎಂದು ಹೆಸರು. ಹಲವು ತಂತ್ರಾಂಶಗಳಲ್ಲಿ ಒಂದು ಅಕ್ಷರಕ್ಕೆ 480 ಟಿಕ್ ಇರುತ್ತವೆ. ಹೀಗೆ ಒಂದು ಗೀತೆಯೆಂದರೆ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಂತೆ ಸಾಲು ಸಾಲು ಅಂಕಿಗಳು. ಲೆಕ್ಕದ ಪುಸ್ತಕವಾದ ಮೇಲೆ ಲೆಕ್ಕಿಗನ ಕೆಲಸ ಸುಲಭ.

ಷರತ್ತು ಮತ್ತು ಕ್ರಿಯೆ

ಲೆಕ್ಕಿಗನ ಕೆಲಸಕ್ಕೆ ಎರಡು ಭಾಗಗಳು. ಮೊದಲನೆಯದು ಷರತ್ತು: ಯಾವುದನ್ನು ಹುಡುಕಬೇಕು? ಎರಡನೆಯದು ಕ್ರಿಯೆ: ಸಿಕ್ಕಿದ್ದನ್ನು ಏನು ಮಾಡಬೇಕು? ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1989ರಲ್ಲಿ ಅಟಾರಿ ಕಂಪ್ಯೂಟರಿಗಾಗಿ ಹೊರತಂದ ‘ಕ್ಯೂಬೇಸ್’ ತಂತ್ರಾಂಶದ ಪರಂಪರೆಯಲ್ಲಿ ಇದನ್ನು ‘ಲಾಜಿಕಲ್ ಎಡಿಟರ್’ ಎನ್ನುತ್ತಾರೆ. ‘ಲಾಜಿಕ್’ ಎಂಬ ಇನ್ನೊಂದು ತಂತ್ರಾಂಶದಲ್ಲಿ ಇದರ ಹೆಸರು ‘ಟ್ರಾನ್ಸ್‌ಫಾರ್ಮ್’. ‘ಕೇಕ್‌ವಾಕ್’ ತಂತ್ರಾಂಶದವರು ಇಂಥ ನಿಯಮಗಳನ್ನು ಬರೆಯಲೆಂದೇ ಒಂದು ಪುಟ್ಟ ಭಾಷೆಯನ್ನೂ ಮಾಡಿಕೊಟ್ಟಿದ್ದರು.

ಹೆಸರುಗಳು ಹೊಸವಾದರೂ ಕೆಲಸ ಹೊಸದಲ್ಲ. ಪಾಠಕ್ಕೆ ಹೋಗುವ ಮಗು ಮೊದಲ ತಿಂಗಳಲ್ಲೇ ಇದನ್ನು ಮಾಡುತ್ತದೆ. ಸರಳೆ ವರಸೆಯನ್ನು ಮೊದಲ ಕಾಲದಲ್ಲಿ ಹಾಡಿಸಿದ ಗುರುಗಳು ‘ಎರಡನೆಯ ಕಾಲ’ ಎನ್ನುತ್ತಾರೆ. ಒಂದು ಅಕ್ಷರಕ್ಕೆ ಒಂದು ಸ್ವರ ಇದ್ದದ್ದು ಎರಡಾಗುತ್ತದೆ. ‘ಮೂರನೆಯ ಕಾಲ’ ಎಂದರೆ ನಾಲ್ಕಾಗುತ್ತದೆ. ಮಿಡಿಯ ಲೆಕ್ಕದಲ್ಲಿ ಇದು ಪ್ರತಿ ಸ್ವರದ ಉದ್ದವನ್ನು 480ರಿಂದ 240ಕ್ಕೆ, 240ರಿಂದ 120ಕ್ಕೆ ಇಳಿಸುವ ನಿಯಮ. ಜಂಟಿ ವರಸೆಯೆಂದರೆ ಪ್ರತಿ ಸ್ವರವನ್ನೂ ಇಮ್ಮಡಿಸುವ ನಿಯಮ. ದಾಟು ವರಸೆಯೆಂದರೆ ಸ್ವರಗಳ ನಡುವೆ ದಾಟಿ ಹೋಗುವ ನಿಯಮ. ಪುರಂದರದಾಸರ ಹೆಸರಿನೊಡನೆ ಬಂದಿರುವ ಈ ಪಾಠಕ್ರಮದ ಸಪ್ತತಾಳ ಅಲಂಕಾರಗಳಂತೂ ಏರುವ ಇಳಿಯುವ ಸ್ವರಗಳನ್ನು ಧ್ರುವದಿಂದ ಏಕದವರೆಗೆ ಏಳು ತಾಳಗಳ ಅಚ್ಚಿನಲ್ಲಿ ಹೊಯ್ದಂತೆ. ಏಳು ತಾಳಗಳ ಲಘುವಿಗೆ ಮೂರು, ನಾಲ್ಕು, ಐದು, ಏಳು, ಒಂಬತ್ತು ಎಂಬ ಐದು ಜಾತಿಗಳನ್ನು ಹೊಂದಿಸಿದರೆ 35 ತಾಳಗಳು. ಇದು ಬಾಯಿಪಾಠವೂ ಹೌದು, ಗಣಿತವೂ ಹೌದು.

ಮೃದಂಗದವರ ತೀರ್ಮಾನದ ಲೆಕ್ಕವೂ ಇಂಥದೇ. ಆದಿತಾಳದ ಒಂದು ಆವರ್ತದಲ್ಲಿ 8 ಅಕ್ಷರ, ಅಕ್ಷರಕ್ಕೆ ನಾಲ್ಕರಂತೆ 32 ಮಾತ್ರೆ. ಹತ್ತು ಮಾತ್ರೆಯ ಒಂದು ಜತಿಯನ್ನು ಮೂರು ಸಲ ನುಡಿಸಿ ನಡುವೆ ಎರಡು ಕಡೆ ಒಂದೊಂದು ಮಾತ್ರೆ ಬಿಟ್ಟರೆ ಮೂವತ್ತಕ್ಕೆ ಎರಡು ಸೇರಿ ಸರಿಯಾಗಿ 32. ಮುಂದಿನ ಏಟು ಸಮಕ್ಕೆ ಬೀಳುತ್ತದೆ. ಯಂತ್ರಕ್ಕೆ ಇದಕ್ಕಿಂತ ಇಷ್ಟವಾದ ಕೆಲಸ ಇನ್ನೊಂದಿಲ್ಲ.

ಎಪ್ಪತ್ತೆರಡರ ಯಂತ್ರ

ನಿಯಮದಿಂದ ಸಂಗೀತವನ್ನು ಹೊಂದಿಸುವ ಸಾಹಸದಲ್ಲಿ ನಮ್ಮ ಹಿರಿಯರು ಕಂಪ್ಯೂಟರಿಗೂ ಮೂರು ಶತಮಾನ ಮೊದಲೇ ಬಹುದೂರ ನಡೆದಿದ್ದರು. 17ನೆಯ ಶತಮಾನದ ತಂಜಾವೂರಿನಲ್ಲಿ, ಕನ್ನಡ ಮೂಲದ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ ಮೇಳಗಳ ಲೆಕ್ಕ ಹಾಕಿದ. ಷಡ್ಜ ಪಂಚಮಗಳು ಅಚಲ. ರಿಷಭ ಗಾಂಧಾರಗಳ ಜೋಡಿ ಆರು ಬಗೆ, ದೈವತ ನಿಷಾದಗಳ ಜೋಡಿ ಆರು ಬಗೆ, ಮಧ್ಯಮ ಎರಡು ಬಗೆ. ಆರನ್ನು ಆರರಿಂದ, ಅದನ್ನು ಎರಡರಿಂದ ಗುಣಿಸಿದರೆ 72.

ಮುಂದೆ ಬಂದ ಕನಕಾಂಗಿ, ರತ್ನಾಂಗಿ ಮೊದಲಾದ ಹೆಸರುಗಳಲ್ಲಿ ಕಟಪಯಾದಿ ಸೂತ್ರ ಅಡಗಿದೆ. ಅಕ್ಷರಗಳಿಗೆ ಅಂಕಿ ಕೊಟ್ಟು, ಹೆಸರಿನ ಮೊದಲೆರಡು ಅಕ್ಷರಗಳ ಅಂಕಿಗಳನ್ನು ತಿರುವುಮುರುವಾಗಿಸಿದರೆ ಮೇಳದ ಸಂಖ್ಯೆ ಸಿಗುತ್ತದೆ. ಧೀರಶಂಕರಾಭರಣದಲ್ಲಿ ‘ಧ’ಕ್ಕೆ 9, ‘ರ’ಕ್ಕೆ 2, ತಿರುಗಿಸಿದರೆ 29. ಮೇಚಕಲ್ಯಾಣಿಯಲ್ಲಿ ‘ಮ’ಕ್ಕೆ 5, ‘ಚ’ಕ್ಕೆ 6, ತಿರುಗಿಸಿದರೆ 65. ಎರಡಕ್ಕೂ ಅಂತರ 36. ಅಂದರೆ ಉಳಿದೆಲ್ಲ ಸ್ವರ ಒಂದೇ, ಮಧ್ಯಮ ಮಾತ್ರ ಬೇರೆ. ಹೆಸರನ್ನು ನೋಡಿಯೇ ಸ್ವರಗಳನ್ನು ಹೇಳಬಹುದಾದ ಇಂಥ ಸೂಚಿ ಜಗತ್ತಿನ ಸಂಗೀತದಲ್ಲಿ ಅಪರೂಪ.

ಆದರೆ ಇಲ್ಲೊಂದು ಸ್ವಾರಸ್ಯವಿದೆ. ಲೆಕ್ಕದಿಂದ 72 ಹುಟ್ಟಿದರೂ ತನ್ನ ಕಾಲದಲ್ಲಿ ಬಳಕೆಯಲ್ಲಿದ್ದವೆಂದು ವೆಂಕಟಮಖಿ ವಿವರಿಸಿದ್ದು 19 ಮೇಳಗಳನ್ನು ಮಾತ್ರ. ಮಿಕ್ಕವು ಖಾಲಿ ಮನೆಗಳು. ನಿಯಮ ಮನೆ ಕಟ್ಟಿಕೊಟ್ಟಿತು. ಒಕ್ಕಲು ಬರಲು ವಾಗ್ಗೇಯಕಾರರೇ ಬೇಕಾಯಿತು. ಖರಹರಪ್ರಿಯ ನೆಲೆ ಕಂಡದ್ದು ತ್ಯಾಗರಾಜರ ಕೃತಿಗಳಿಂದ. 72 ಮೇಳಗಳಲ್ಲೂ ಕೃತಿ ರಚಿಸಿದವರಲ್ಲಿ ಕೋಟೀಶ್ವರ ಅಯ್ಯರ್, ಬಾಲಮುರಳೀಕೃಷ್ಣ ಪ್ರಸಿದ್ಧರು. ಹೀಗೆ ನಿಯಮ ಸಂಗೀತದ ಶತ್ರುವೇನಲ್ಲ. ಕಿವಿ ಹೋಗದ ಕಡೆಗೆ ಅದು ದಾರಿ ತೋರಬಲ್ಲದು. ದಾರಿಯಲ್ಲಿ ನಡೆಯುವುದು ಮಾತ್ರ ಅದರ ಕೆಲಸವಲ್ಲ.

ಶಂಕರಾಭರಣ ಕಲ್ಯಾಣಿಯಾದೀತೆ?

ಈ ಮಾತನ್ನು ಪರೀಕ್ಷಿಸಲು ಮಿಡಿಯಲ್ಲೊಂದು ಸಣ್ಣ ಪ್ರಯೋಗ ಸಾಕು. ಶಂಕರಾಭರಣದ ಒಂದು ಕೃತಿಯನ್ನು ಕೀಬೋರ್ಡಿನಲ್ಲಿ ನುಡಿಸಿ ಕಂಪ್ಯೂಟರಿಗೆ ತುಂಬಿದ್ದಾರೆ ಎಂದುಕೊಳ್ಳೋಣ. ಷಡ್ಜ 60. ಶುದ್ಧ ಮಧ್ಯಮ ಮಂದ್ರದಲ್ಲಿ 53, ಮಧ್ಯದಲ್ಲಿ 65, ತಾರದಲ್ಲಿ 77. ಮೂರನ್ನೂ 12ರಿಂದ ಭಾಗಿಸಿದರೆ ಉಳಿಯುವುದು 5. ಹಾಗಾಗಿ ‘12ರಿಂದ ಭಾಗಿಸಿದಾಗ 5 ಉಳಿಯುವ ಸ್ವರಗಳನ್ನೆಲ್ಲ ಹುಡುಕು’ ಎಂಬುದು ಷರತ್ತು. ‘ಒಂದು ಕೂಡಿಸು’ ಎಂಬುದು ಕ್ರಿಯೆ. ಗುಂಡಿ ಒತ್ತಿದರೆ ಸಾಕು, 29ನೆಯ ಮೇಳ 65ನೆಯದಾಗುತ್ತದೆ.

ಕಾಗದದ ಮೇಲೆ ಅದು ಕಲ್ಯಾಣಿಯೇ. ಕೇಳಿದರೆ? ಶಂಕರಾಭರಣದ ಗಾಂಧಾರ ಅಲುಗದೆ ನಿಲ್ಲಬಲ್ಲದು. ಕಲ್ಯಾಣಿಯ ಗಾಂಧಾರ ಸಾಮಾನ್ಯವಾಗಿ ಕಂಪಿತ. ಸಂಖ್ಯೆಯಲ್ಲಿ ಎರಡೂ 64. ನಿಯಮ ಮಧ್ಯಮವನ್ನಷ್ಟೇ ಮುಟ್ಟಿತು, ಗಾಂಧಾರದ ಸ್ವಭಾವ ಬದಲಾಗಬೇಕೆಂಬುದು ಅದಕ್ಕೆ ತಿಳಿಯಲಿಲ್ಲ. ಶಂಕರಾಭರಣಕ್ಕೆ ಒಪ್ಪುವ ಸಂಚಾರಗಳು ಹಾಗೆಯೇ ಉಳಿದವು. ಷಡ್ಜ ಪಂಚಮಗಳನ್ನು ಬಿಟ್ಟು ತೇಲುವ ಕಲ್ಯಾಣಿಯ ನಡೆಗಳು ಬರಲೇ ಇಲ್ಲ. ಹೊರಬಂದದ್ದು ಕಲ್ಯಾಣಿಯ ಅಂಗಿ ತೊಟ್ಟ ಶಂಕರಾಭರಣ.

ಇನ್ನೊಂದು ತೊಡಕೂ ಉಂಟು. ಇಲ್ಲಿ ಷಡ್ಜ 60 ಎಂಬುದನ್ನು ಯಂತ್ರಕ್ಕೆ ಮನುಷ್ಯ ಹೇಳಿಕೊಡಬೇಕು. 64 ಎಂಬ ಸಂಖ್ಯೆ 60ನ್ನು ಷಡ್ಜ ಮಾಡಿಕೊಂಡವನಿಗೆ ಗಾಂಧಾರ. 59ನ್ನು ಮಾಡಿಕೊಂಡವನಿಗೆ ಮಧ್ಯಮ. 57ನ್ನು ಮಾಡಿಕೊಂಡವನಿಗೆ ಪಂಚಮ. ಮೋಹನದ ಐದು ಸ್ವರಗಳಲ್ಲಿ ಒಂದನ್ನೂ ತಿದ್ದದೆ, ರಿಷಭವನ್ನು ಷಡ್ಜವೆಂದುಕೊಂಡರೆ ಮಧ್ಯಮಾವತಿ, ಗಾಂಧಾರವನ್ನು ಎಂದುಕೊಂಡರೆ ಹಿಂದೋಳ, ಪಂಚಮವನ್ನು ಎಂದುಕೊಂಡರೆ ಶುದ್ಧಸಾವೇರಿ, ದೈವತವನ್ನು ಎಂದುಕೊಂಡರೆ ಶುದ್ಧಧನ್ಯಾಸಿ. ಗ್ರಹಭೇದವೆಂಬ ಈ ಚಮತ್ಕಾರದಲ್ಲಿ ಬದಲಾಗುವುದು ಅಂಕಿಯಲ್ಲ, ಕೇಳುವವನ ಆಧಾರ. ತಂಬೂರಿ ಇಲ್ಲದ ಮಿಡಿಗೆ ಈ ಆಧಾರವೇ ಇಲ್ಲ.

ಆಧಾರದ ಮಾತು ಬಂದಾಗ ತಂಬೂರಿಯೇ ಒಂದು ಸಾಕ್ಷಿ. ಚೆನ್ನಾಗಿ ಶ್ರುತಿ ಕೂಡಿದ ತಂಬೂರಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಕೇಳಿಬರುತ್ತದೆ. ಷಡ್ಜದಿಂದ ಅದರ ಎತ್ತರ ಸುಮಾರು 386 ಸೆಂಟ್. ಕೀಬೋರ್ಡಿನ ಗಾಂಧಾರ, ಹನ್ನೆರಡು ಮನೆಗಳನ್ನೂ ಸಮವಾಗಿ ಹಂಚಿದ್ದರಿಂದ, ಸರಿಯಾಗಿ 400 ಸೆಂಟ್. ಹದಿನಾಲ್ಕು ಸೆಂಟಿನ ಈ ವ್ಯತ್ಯಾಸ ಸಣ್ಣದೇ. ಆದರೆ ತಂಬೂರಿಯ ಜೊತೆ ಕುಳಿತ ಕಿವಿಗೆ ಅದು ಊಟದಲ್ಲಿ ಸಿಕ್ಕ ಹರಳಿನಂತೆ.

ಗಮಕವೆಲ್ಲಿ?

ಗಮಕಕ್ಕೆ ಮಿಡಿಯಲ್ಲಿ ಜಾಗವೇ ಇಲ್ಲವೆಂದಲ್ಲ. ಸ್ವರವನ್ನು ಬಾಗಿಸುವ ‘ಪಿಚ್ ಬೆಂಡ್’ ಎಂಬ ಪ್ರತ್ಯೇಕ ಸೂಚನೆಯಿದೆ. ಅದಕ್ಕೆ 16,384 ಹಂತಗಳು. ಮಾಮೂಲಾಗಿ ಸ್ವರದ ಮೇಲಕ್ಕೆರಡು, ಕೆಳಕ್ಕೆರಡು ಅರ್ಧ ಮೆಟ್ಟಿಲುಗಳ ಹರವು. ತೋಡಿಯ ಗಾಂಧಾರವನ್ನು ಆಡಿಸಲು ಇಷ್ಟು ಹಂತಗಳು ಧಾರಾಳವಾಗಿ ಸಾಕು. ಆದರೆ ಮೂಲ ಪದ್ಧತಿಯಲ್ಲಿ ಈ ಬಾಗು ಒಂದು ಸ್ವರಕ್ಕೆ ಸೇರಿದ್ದಲ್ಲ, ಇಡೀ ಚಾನೆಲ್ಲಿಗೆ ಸೇರಿದ್ದು. ಒಂದು ತಂತಿಯಲ್ಲಿ ಗಮಕ, ಇನ್ನೊಂದರಲ್ಲಿ ನಿಂತ ಷಡ್ಜ ಬೇಕೆಂದರೆ ಎರಡು ಚಾನೆಲ್ ಬೇಕು. ಒಂದೊಂದು ಸ್ವರಕ್ಕೂ ಪ್ರತ್ಯೇಕ ಬಾಗು ಕೊಡುವ ಏರ್ಪಾಡು 2018ರಲ್ಲಿ ಅಧಿಕೃತವಾಗಿ ಸೇರಿತು. 2020ರ ಜನವರಿಯಲ್ಲಿ ಒಪ್ಪಿಗೆ ಪಡೆದ ಎರಡನೆಯ ಮಿಡಿ ಇದನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದೆ.

ಹೀಗೆ ಸ್ವರ ಒಂದು ಸಾಲಿನಲ್ಲಿ, ಗಮಕ ಇನ್ನೊಂದು ಸಾಲಿನಲ್ಲಿ ಇರುವುದರಿಂದಲೇ ಒಟ್ಟು ತಿದ್ದುವಾಗ ಅಪಾಯ ಹುಟ್ಟುತ್ತದೆ. ಬಳಕೆಯಲ್ಲಿರುವ ಕೆಲವು ನಿಯಮಗಳನ್ನೇ ನೋಡಬಹುದು. ನುಡಿಸುವಾಗ ಬೆರಳು ತಾಕಿ ಅಕಸ್ಮಾತ್ತಾಗಿ ಒತ್ತಿಹೋದ ಮನೆಗಳನ್ನು ತೆಗೆಯಲು ‘ರಭಸ 20ಕ್ಕಿಂತ ಕಡಿಮೆಯಿರುವ ಸ್ವರಗಳನ್ನು ಅಳಿಸು’ ಎನ್ನುವುದುಂಟು. ಸರಿಯಾದ ನಿಯಮವೇ. ಆದರೆ ಸ್ವರದಿಂದ ಸ್ವರಕ್ಕೆ ಹೋಗುವಾಗ ಮೃದುವಾಗಿ ಮುಟ್ಟಿ ಹೋಗುವ ಅನುಸ್ವರಗಳೂ ಇದೇ ಬಲೆಗೆ ಬೀಳುತ್ತವೆ. ‘ಬಾಗಿನ ಸೂಚನೆಗಳು ಹೆಚ್ಚಾದವು, ವಿರಳಗೊಳಿಸು’ ಎಂಬುದು ಇನ್ನೊಂದು. ಕಡತ ಚಿಕ್ಕದಾಗುತ್ತದೆ, ಜಾರು ಮೆಟ್ಟಿಲಾಗುತ್ತದೆ.

ಮೂರನೆಯದು ಕಾಲವನ್ನು ನೇರ್ಪಡಿಸುವ ನಿಯಮ. ಚಾಮರಾಜಪೇಟೆಯ ಬೀದಿಗಳಂತೆ ಕಾಲಕ್ಕೂ ಮೇನ್, ಕ್ರಾಸ್ ಎಳೆದು, ಅಡ್ಡಾದಿಡ್ಡಿ ನಿಂತ ಸ್ವರವನ್ನು ಹತ್ತಿರದ ಮೂಲೆಗೆ ತಂದು ನಿಲ್ಲಿಸುವುದು ಅದರ ಕೆಲಸ. 487ರಲ್ಲಿದ್ದ ಸ್ವರ 480ಕ್ಕೆ ಬಂದರೆ ಯಾರಿಗೂ ತಕರಾರಿಲ್ಲ. ಆದರೆ 120 ಟಿಕ್ಕಿಗೊಂದರಂತೆ ಬೀದಿ ಎಳೆದಿರುವಾಗ ನಡುವೆ ತಿಶ್ರಗತಿ ಬಂತೆನ್ನಿ. ಅಕ್ಷರಕ್ಕೆ ಮೂರು ಸ್ವರ: 0, 160, 320. ನಿಯಮ 160ನ್ನು 120ಕ್ಕೂ 320ನ್ನು 360ಕ್ಕೂ ಎಳೆಯುತ್ತದೆ. ಸಮನಾಗಿ ನಡೆಯುತ್ತಿದ್ದ ತಿಶ್ರ ಕುಂಟತೊಡಗುತ್ತದೆ. ಯಂತ್ರದ ಪ್ರಕಾರ ಅದು ತಪ್ಪು ತಿದ್ದಿದೆ. ತಾಳ ಹಾಕುವವನ ಪ್ರಕಾರ ತಪ್ಪು ಮಾಡಿದೆ.

ನೆರೆಯವರನ್ನು ಕಾಣದ ಕಣ್ಣು

ತೊಂದರೆಯ ಬೇರು ಇರುವುದು ಇಲ್ಲಿ: ಬಹುಪಾಲು ಶೋಧಕಗಳು ಒಂದೊಂದು ಸ್ವರವನ್ನೂ ಒಂಟಿಯಾಗಿ ನೋಡುತ್ತವೆ. ಸಂಖ್ಯೆ ಎಷ್ಟು, ರಭಸ ಎಷ್ಟು, ಉದ್ದ ಎಷ್ಟು ಎಂದು ಕೇಳುತ್ತವೆ. ಹಿಂದೆ ಯಾರಿದ್ದರು, ಮುಂದೆ ಯಾರು ಬರುತ್ತಾರೆ ಎಂದು ಕೇಳುವುದು ಅವಕ್ಕೆ ಕಷ್ಟ. ರಾಗವೆಂದರೆ ಪೂರ್ತಿಯಾಗಿ ಈ ನೆರೆಹೊರೆಯ ವ್ಯವಹಾರ. ಒಂದೇ ಗಾಂಧಾರ ರಿಷಭದಿಂದ ಏರುವಾಗ ಒಂದು ರೂಪ, ಮಧ್ಯಮದಿಂದ ಇಳಿಯುವಾಗ ಇನ್ನೊಂದು ರೂಪ ತಾಳಬಹುದು.

ಇದು ದೊಡ್ಡ ರಾಗಗಳ ಮಾತು ಮಾತ್ರವಲ್ಲ. ಜಂಟಿ ವರಸೆಯಲ್ಲಿ ಸ್ವರವನ್ನು ಇಮ್ಮಡಿಸುವುದಷ್ಟೇ ಪಾಠವಲ್ಲ. ‘ಎರಡನೆಯದಕ್ಕೆ ಒತ್ತು ಕೊಡು’ ಎಂದು ಗುರುಗಳು ತಿದ್ದುತ್ತಾರೆ. ಆ ಒತ್ತಿನಲ್ಲಿ ಕೆಳಗಿನ ಸ್ವರವನ್ನು ಕ್ಷಣಮಾತ್ರ ತಾಕಿ ಬರುವ ಸ್ಫುರಿತವೆಂಬ ಗಮಕ ಅಡಗಿದೆ. ಬರೀ ನಕಲು ಮಾಡುವ ನಿಯಮ ಎರಡೂ ಸ್ವರಗಳನ್ನು ಅವಳಿಗಳಂತೆ ನಿಲ್ಲಿಸುತ್ತದೆ. ಮಗು ಎರಡನೆಯ ತಿಂಗಳಲ್ಲಿ ಕಲಿಯುವ ಗಮಕವನ್ನೇ ಯಂತ್ರ ಬಿಟ್ಟುಬಿಟ್ಟಿರುತ್ತದೆ. ಹಾಗೆಂದು ಇದು ಅಸಾಧ್ಯವೂ ಅಲ್ಲ. ‘ಒಂದೇ ಸ್ವರ ಎರಡು ಸಲ ಬಂದಾಗ ಎರಡನೆಯದರ ರಭಸ ಹೆಚ್ಚಿಸು, ಅದರ ಮೊದಲು ಕೆಳಗಿನ ಸ್ವರದ ತುಣುಕೊಂದನ್ನು ಸೇರಿಸು’ ಎಂದು ನೆರೆಯನ್ನು ನೋಡುವ ನಿಯಮ ಬರೆದರೆ ಸ್ಫುರಿತದ ಛಾಯೆ ಬರುತ್ತದೆ.

ಈ ದಿಕ್ಕಿನಲ್ಲಿ ದುಡಿದವರಿದ್ದಾರೆ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಾಪುರದಿಂದ ಹೊರತಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಸ್ವರದ ಜೊತೆಗೆ ಗಮಕಕ್ಕೂ ಚಿಹ್ನೆಗಳನ್ನು ಹಾಕಿದರು. ಸ್ವರ ಮಾತ್ರ ಬರೆದರೆ ಸಾಲದೆಂಬುದು ಅವರಿಗೆ ಗೊತ್ತಿತ್ತು. ನಮ್ಮ ಕಾಲದಲ್ಲಿ ಚೆನ್ನೈನ ಎಂ. ಸುಬ್ರಮಣಿಯನ್ ರೂಪಿಸಿದ ‘ಗಾಯಕ’ ತಂತ್ರಾಂಶ ಕರ್ನಾಟಕ ಸಂಗೀತದ ಸ್ವರಲಿಪಿಯನ್ನು ಗಮಕದೊಡನೆ ನುಡಿಸಲು ಯತ್ನಿಸಿತು. ಎರಡರಲ್ಲೂ ಇರುವ ತಿಳಿವಳಿಕೆ ಒಂದೇ: ಗಮಕ ಸ್ವರಕ್ಕೆ ತೊಡಿಸುವ ಒಡವೆಯಲ್ಲ, ಸ್ವರದ ಮೈ.

ಯಂತ್ರದೊಡನೆ ಹಳೆಯ ಒಡನಾಟ

ಯಂತ್ರವನ್ನು ಕಂಡರೆ ಸಂಗೀತಗಾರರು ಹೆದರಿ ಓಡಿದರೆಂಬುದು ಚರಿತ್ರೆಗೆ ಒಪ್ಪದ ಮಾತು. ಪಿಟೀಲು ಹೊರಗಿನಿಂದ ಬಂದು ಮನೆಯದಾಯಿತು. ಮೈಸೂರಿನ ಟಿ. ಚೌಡಯ್ಯನವರು ನಾದ ದೂರ ಮುಟ್ಟಲೆಂದು ಅದಕ್ಕೆ ಏಳು ತಂತಿ ಬಿಗಿದರು. ಅವರ ನೆನಪಿಗೆ ಮಲ್ಲೇಶ್ವರದ ಮಗ್ಗುಲಲ್ಲಿ ಪಿಟೀಲಿನ ಆಕಾರದ ಭವನವೇ ಎದ್ದಿತು. ಭಾರತೀಯ ವಿಜ್ಞಾನ ಮಂದಿರದಲ್ಲಿದ್ದಾಗ ಸಿ.ವಿ. ರಾಮನ್ 1934ರಲ್ಲಿ ನಮ್ಮ ಚರ್ಮವಾದ್ಯಗಳ ನಾದವನ್ನು ಕುರಿತು ಪ್ರಬಂಧ ಪ್ರಕಟಿಸಿದರು.

ಹಾರ್ಮೋನಿಯಂ ಕಥೆ ಇಲ್ಲಿ ವಿಶೇಷವಾಗಿ ನೆನೆಯತಕ್ಕದ್ದು. ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ಮೇಷ್ಟ್ರೇ ಅರ್ಧ ನಾಟಕ. ಅಂಥ ವಾದ್ಯವನ್ನು 1940ರ ಮಾರ್ಚ್‌ನಲ್ಲಿ ಆಕಾಶವಾಣಿ ಹೊರಗಿಟ್ಟಿತು. ಮನೆಗಳು ಸಮಪಾಲಿನವು, ಸ್ವರವನ್ನು ಬಾಗಿಸಲು ಬಾರದು ಎಂಬುದು ಆಕ್ಷೇಪ. ಮೂರು ದಶಕ ಕಳೆದ ಮೇಲೆಯೇ ಆ ಬಾಗಿಲು ಮೆಲ್ಲಗೆ ತೆರೆಯಿತು. ಇಂದು ಮಿಡಿ ಕೀಬೋರ್ಡಿನ ಮೇಲೆ ಹೊರಿಸುವ ದೋಷಗಳೂ ಇವೇ ಎರಡು.

ಬೆಂಗಳೂರಿನ ಇನ್ನೊಂದು ಯಂತ್ರ ಬೇರೆಯೇ ಪಾಠ ಹೇಳುತ್ತದೆ. ಕೊಳಲುವಾದಕರೂ ಇಂಜಿನಿಯರರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಹೊರತಂದರು. ಅವರ ರೇಡೆಲ್ ಸಂಸ್ಥೆಯ ಪೆಟ್ಟಿಗೆಗಳು ಮನೆಪಾಠದಿಂದ ಕಛೇರಿಯ ವೇದಿಕೆಯವರೆಗೆ ತಲುಪಿದವು. 1905ರಲ್ಲಿ ಹುಟ್ಟಿದ ಗಾಯನ ಸಮಾಜ, 1939ರಿಂದ ಚಾಮರಾಜಪೇಟೆಯಲ್ಲಿ ರಾಮನವಮಿ ಸಂಗೀತೋತ್ಸವ ನಡೆಸಿಕೊಂಡು ಬಂದ ಶ್ರೀರಾಮಸೇವಾ ಮಂಡಳಿಯಂಥ ಸಂಸ್ಥೆಗಳಿರುವ ಊರು ಇದನ್ನು ಒಪ್ಪಿಕೊಂಡಿತು. ಒಪ್ಪಿದ್ದೇಕೆ? ಅದು ಹಾಡುಗಾರನ ಸ್ವರವನ್ನು ತಿದ್ದಲು ಹೋಗಲಿಲ್ಲ. ಆಧಾರ ಕೊಟ್ಟು ಹಿಂದೆ ನಿಂತಿತು.

ಹುಡುಕುವುದು ಬೇರೆ, ತಿದ್ದುವುದು ಬೇರೆ

ಮಿಡಿಯ ನಿಯಮಗಳನ್ನೂ ಹೀಗೆಯೇ ಎರಡಾಗಿ ಬಿಡಿಸಿ ನೋಡಿದರೆ ಗೊಂದಲ ಕಡಿಮೆಯಾಗುತ್ತದೆ. ಹುಡುಕುವುದರಲ್ಲಿ ಕೇಡಿಲ್ಲ. ನೂರಾರು ಕೃತಿಗಳ ಸ್ವರಲಿಪಿ ಕಂಪ್ಯೂಟರಿನಲ್ಲಿದ್ದರೆ, ಒಂದು ರಾಗದ ಒಂದು ಪ್ರಯೋಗ ಎಲ್ಲೆಲ್ಲಿ ಬಂದಿದೆ, ಯಾವ ಸ್ವರದ ಮೇಲೆ ಹೆಚ್ಚು ನಿಲುಗಡೆಯಿದೆ, ಎರಡು ಪಾಠಾಂತರಗಳು ಎಲ್ಲಿ ಬೇರೆಯಾಗುತ್ತವೆ ಎಂದು ಕೇಳಬಹುದು. ವಿದ್ವಾಂಸರು ತಿಂಗಳುಗಟ್ಟಲೆ ಪುಟ ತಿರುವಿ ಮಾಡುವ ಕೆಲಸ ಅದು. ಉತ್ತರ ತಪ್ಪಿದ್ದರೂ ಮೂಲಕ್ಕೆ ಧಕ್ಕೆಯಿಲ್ಲ.

ತಿದ್ದುವುದರಲ್ಲೂ ನಿರಪಾಯವಾದವುಗಳಿವೆ. ಒಂದು ಮನೆ ಶ್ರುತಿಯ ಪಾಠವನ್ನು ಐದು ಮನೆ ಶ್ರುತಿಯ ಹುಡುಗಿಗೆ ಒದಗಿಸಲು ಎಲ್ಲ ಸ್ವರಗಳಿಗೂ ಏಳು ಕೂಡಿಸಿದರೆ ಆಯಿತು. ಸ್ವರಗಳ ಸಂಬಂಧ ಒಂದಿಷ್ಟೂ ಕೆಡುವುದಿಲ್ಲ. ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಗಾಯಕಿಯ ಗಂಟಲು ಕಟ್ಟಿದ ಸಂಜೆ ಹಿನ್ನೆಲೆ ಸಂಗೀತವನ್ನೆಲ್ಲ ಒಂದು ಮೆಟ್ಟಿಲು ಇಳಿಸುವುದೂ ಇದೇ ಬಗೆ. ಎಲ್ಲವನ್ನೂ ಒಂದೇ ಸಮನೆ ಮುಟ್ಟುವ ನಿಯಮ ಸಾಮಾನ್ಯವಾಗಿ ಸಂಗೀತವನ್ನು ಕೆಡಿಸುವುದಿಲ್ಲ. ಕೆಲವನ್ನು ಆರಿಸಿ ಮುಟ್ಟುವ ನಿಯಮಕ್ಕೆ ಕಾವಲು ಬೇಕು.

ಏಕೆಂದರೆ ಒಟ್ಟು ತಿದ್ದುಪಡಿಯ ದೋಷ ಗದ್ದಲ ಮಾಡುವುದಿಲ್ಲ. ಒಬ್ಬ ಶಿಷ್ಯ ಅಪಸ್ವರ ಹಾಡಿದರೆ ಪಕ್ಕದ ಕೋಣೆಯಲ್ಲಿದ್ದ ಗುರುಗಳ ಕಿವಿಗೆ ಬೀಳುತ್ತದೆ. ಇನ್ನೂರು ಹಾಡುಗಳಲ್ಲಿ ಅನುಸ್ವರಗಳು ಅಳಿಸಿಹೋದರೆ ಕಡತಗಳು ಮೊದಲಿಗಿಂತ ಚೊಕ್ಕಟವಾಗಿಯೇ ಕಾಣುತ್ತವೆ. ಮೂಲವನ್ನು ಉಳಿಸಿಕೊಳ್ಳದಿದ್ದರೆ ಏನು ಹೋಯಿತೆಂದು ಹೇಳುವವರೂ ಇರುವುದಿಲ್ಲ. ಆಮೇಲೆ ಆ ಕಡತಗಳಿಂದಲೇ ಕಲಿತ ಮಗುವಿಗೆ ಅನುಸ್ವರವಿಲ್ಲದ ಸ್ವರವೇ ಶುದ್ಧವೆನ್ನಿಸತೊಡಗುತ್ತದೆ. ಯಂತ್ರದ ಅನುಕೂಲ ಹೀಗೆ ಸದ್ದಿಲ್ಲದೆ ಸಂಪ್ರದಾಯವಾಗಿಬಿಡಬಹುದು.

ಇದಕ್ಕೆ ಬಲ್ಲವರು ಪಾಲಿಸುವ ಕಟ್ಟುನಿಟ್ಟು ಸರಳವಾದದ್ದು. ಮೂಲವನ್ನು ಬೇರೆಡೆ ತೆಗೆದಿಡಬೇಕು. ಅಳಿಸುವ ಮೊದಲು, ಷರತ್ತಿಗೆ ಸಿಕ್ಕಿದ್ದನ್ನು ಬರೀ ಗುರುತು ಮಾಡಿಸಿ ನೋಡಬೇಕು. ಗುರುತಾದದ್ದನ್ನು ಕಣ್ಣಿನಿಂದಲ್ಲ, ಕಿವಿಯಿಂದ ಪರೀಕ್ಷಿಸಬೇಕು. ಒಂದು ಹಾಡಿಗೆ ಒಪ್ಪಿದ ನಿಯಮ ಇನ್ನೊಂದಕ್ಕೂ ಒಪ್ಪುತ್ತದೆಂದು ಭಾವಿಸಬಾರದು. ಗುರುಗಳು ಪಾಠಾಂತರವನ್ನು ಒಪ್ಪುವ ಮೊದಲು ಮತ್ತೊಮ್ಮೆ ಹಾಡಿಸಿ ಕೇಳುತ್ತಿದ್ದುದೂ ಇದೇ ಎಚ್ಚರದಿಂದ.

ವೆಂಕಟಮಖಿಯ ಲೆಕ್ಕಕ್ಕೆ 72 ಸಿಕ್ಕಿತು, ಆದರೆ ಆತ ತನ್ನ ಕಾಲದ ಬಳಕೆಯನ್ನು ಹೇಳುವಾಗ 19ಕ್ಕೆ ನಿಂತ. ಲೆಕ್ಕ ಎಲ್ಲಿಯವರೆಗೆ, ಕೇಳ್ಮೆ ಎಲ್ಲಿಂದ ಎಂಬ ಗಡಿ ಆತನಿಗೆ ಕಾಣುತ್ತಿತ್ತು. ಈಗ ಲೆಕ್ಕ ಮಾಡುವ ವೇಗ ಸಾವಿರ ಪಟ್ಟು ಹೆಚ್ಚಿದೆ. ಕೇಳುವ ವೇಗ ಮಾತ್ರ ಅಂದಿನಷ್ಟೇ: ಆದಿತಾಳದ ಒಂದು ಆವರ್ತವನ್ನು ಕೇಳಲು ಇಂದಿಗೂ ಒಂದು ಆವರ್ತದ ಕಾಲವೇ ಬೇಕು.